ಮನೆಯೊಳಗೇ ಇರುವ ಬೆಕ್ಕಿಗೆ ಕಾಲರ್ ಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಎರಡನೇ ಮಹಡಿಯ ಫ್ಲ್ಯಾಟ್, ಒಂದೂವರೆ ವರ್ಷದ ನಾಟಿ ಬೆಕ್ಕು, ಬಾಗಿಲಾಚೆ ಕಾಲಿಟ್ಟಿಲ್ಲ. ನಿಮ್ಮ ಅತ್ತೆ ‘ಗೆಜ್ಜೆ ಕಟ್ಟಮ್ಮಾ, ಎಲ್ಲಿದೆ ಅಂತ ಗೊತ್ತಾಗುತ್ತೆ’ ಅನ್ನುತ್ತಾರೆ. ಯಜಮಾನರು ‘ಕುತ್ತಿಗೆಗೆ ಏನೂ ಬೇಡ, ಎಲ್ಲಾದರೂ ಸಿಕ್ಕಿಕೊಂಡು ಉಸಿರು ಕಟ್ಟೀತು’ ಅನ್ನುತ್ತಾರೆ. ಇಬ್ಬರ ಮಾತಿನಲ್ಲಿ ಯಾರದು ಸರಿ ಅಂತ ಕೇಳಿದ್ದೀರಿ.

ನಾನು ಮೈಸೂರಿನಲ್ಲಿ ಎರಡು ಬೆಕ್ಕು ಸಾಕಿದ್ದೇನೆ. ಎರಡೂ ಮನೆಯೊಳಗಿನವೇ. ನನ್ನ ಉತ್ತರ: ಕಾಲರ್ ಹಾಕಿ. ಆದರೆ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವಂಥದ್ದನ್ನೇ ಹಾಕಿ, ಮೇಲೆ ನಿಮ್ಮ ಫೋನ್ ನಂಬರ್ ಇರಲಿ. ಅಂಥ ಕಾಲರ್ ಸಿಗಲಿಲ್ಲ ಅಂದರೆ ಕುತ್ತಿಗೆ ಖಾಲಿ ಇರುವುದೇ ವಾಸಿ. ಅಂದರೆ ನಿಮ್ಮ ಯಜಮಾನರ ಭಯ ಸುಳ್ಳಲ್ಲ. ಅತ್ತೆಯವರ ಗೆಜ್ಜೆ ವಿಷಯಕ್ಕೆ ಆಮೇಲೆ ಬರುತ್ತೇನೆ.

‘ಹೊರಗೇ ಹೋಗಲ್ಲವಲ್ಲ, ಮತ್ಯಾಕೆ?’ ಅಂತಲೂ ಬರೆದಿದ್ದೀರಿ. ಹೋಗಲ್ಲ ಅನ್ನುವುದು ಬಾಗಿಲು ಮುಚ್ಚಿರುವವರೆಗೆ ಮಾತ್ರ ಅಲ್ವಾ? ಗ್ಯಾಸ್ ಸಿಲಿಂಡರ್ ಬಂದಾಗ ಬಾಗಿಲು ಪೂರ್ತಿ ತೆರೆದಿರುತ್ತದೆ. ಪೇಂಟಿಂಗ್ ಕೆಲಸದವರು ಕಿಟಕಿಯ ಸೊಳ್ಳೆ ಮೆಶ್ ಬಿಚ್ಚಿ ಪಕ್ಕಕ್ಕೆ ಇಟ್ಟು ಊಟಕ್ಕೆ ಹೋಗಿರುತ್ತಾರೆ. ಬಾಲ್ಕನಿಗೆ ಕಟ್ಟಿಸಿದ ಪಾರಿವಾಳದ ಬಲೆ ಬಿಸಿಲಿಗೆ ಮೂಲೆಯಲ್ಲಿ ಸಡಿಲವಾಗಿರುತ್ತದೆ. ಮನೆ ಬದಲಾಯಿಸುವ ದಿನವಂತೂ ಕೇಳುವುದೇ ಬೇಡ. ಇನ್ನು ದೀಪಾವಳಿ. ಸದಾ ಸೋಫಾ ಮೇಲೆ ಬಿದ್ದಿರುವ ಬೆಕ್ಕು ಒಂದು ಆಟಂಬಾಂಬ್ ಸದ್ದಿಗೆ ಯಾವ ಸಂದಿಯಲ್ಲಿ ನುಗ್ಗುತ್ತದೆ ಅಂತ ಹೇಳಲಿಕ್ಕಾಗದು.

ಬೀದಿ ಸುತ್ತುವ ಬೆಕ್ಕಿಗೆ ಯಾವ ಕಾಂಪೌಂಡ್ ಹಾರಿದರೆ ಎಲ್ಲಿಗೆ ಹೋಗಬಹುದು ಅಂತ ಗೊತ್ತಿರುತ್ತದೆ. ಮನೆ ಬೆಕ್ಕಿಗೆ ಮೆಟ್ಟಿಲು ಇಳಿದರೆ ಪರದೇಶ. ಹೆದರಿ ಮೊದಲು ಸಿಕ್ಕ ಕತ್ತಲೆ ಜಾಗದಲ್ಲಿ ಕೂತುಬಿಡುತ್ತದೆ. ನೀವು ಹೆಸರು ಹಿಡಿದು ಕೂಗಿದರೂ ಮಿಯಾಂವ್ ಅನ್ನುವುದಿಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಕಳೆದುಹೋದ ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ ಮಾಲೀಕರನ್ನು ಕೇಳಿ 2018ರಲ್ಲಿ ಒಂದು ವರದಿ ಪ್ರಕಟಿಸಿದರು. ಮತ್ತೆ ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಹಾಗಾಗಿ ನಿಮ್ಮ ಬೆಕ್ಕನ್ನು ಮೊದಲು ನೋಡುವವರು ಅಪರಿಚಿತರಲ್ಲ. ವಾಚ್‌ಮನ್, ಕೆಳಗಿನ ಮನೆಯವರು, ಎದುರಿನ ಅಂಗಡಿಯವರು, ಇಂಥವರೇ.

ಅವರಿಗೆ ಇದು ನಿಮ್ಮ ಮನೆಯ ಬೆಕ್ಕು ಅಂತ ತಿಳಿಯುವುದು ಹೇಗೆ? ಕಾಲರ್ ಕೆಲಸಕ್ಕೆ ಬರುವುದು ಇಲ್ಲೇ. ಮೈಮೇಲೆ ಪಟ್ಟೆ ಇರುವ ಬೂದು ಬೆಕ್ಕು, ಕಪ್ಪು-ಬಿಳಿ ಬೆಕ್ಕು, ಕೆಂಚು ಬೆಕ್ಕು, ನಮ್ಮ ಬೀದಿಗಳಲ್ಲಿ ಇರುವುದೂ ಇವೇ, ನಮ್ಮ ಮನೆಗಳಲ್ಲಿ ಇರುವುದೂ ಇವೇ. (ಪರ್ಷಿಯನ್ ಆದರೆ ಸಾಕಿದ್ದು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ತಿಳಿದವರೆಲ್ಲ ವಾಪಸ್ ತಂದುಕೊಡುತ್ತಾರೆ ಅಂತಲ್ಲ, ಆ ಮಾತು ಬೇರೆ.) ಒಂದು ದೀಪಾವಳಿಯಲ್ಲಿ ನಮ್ಮ ಪಕ್ಕದ ಬ್ಲಾಕಿನವರ ಬೆಕ್ಕು ಕಾಣೆಯಾಯಿತು. ಮನೆಮಂದಿಯೆಲ್ಲ ಟಾರ್ಚ್ ಹಿಡಿದು ಮುಂದಿನ ಬಡಾವಣೆವರೆಗೆ ಹುಡುಕಿದರು. ಅದು ಗೇಟಿನ ಪಕ್ಕದ ಇಸ್ತ್ರಿ ಗಾಡಿಯ ಕೆಳಗೆ, ಇದ್ದಿಲು ಮೂಟೆಯ ಹಿಂದೆ ಕೂತಿತ್ತು. ಇಸ್ತ್ರಿ ಮಾಡುವವರು ತಟ್ಟೆಯಲ್ಲಿ ಹಾಲು ಬೇರೆ ಇಡುತ್ತಿದ್ದರು. ‘ಬೀದಿ ಬೆಕ್ಕು ಅಂದುಕೊಂಡೆ ಅಮ್ಮಾ, ಕುತ್ತಿಗೇಲಿ ಏನೂ ಇರಲಿಲ್ಲವಲ್ಲ’ ಅಂದರು. ಅವರ ಮಾತಿನಲ್ಲಿ ತಪ್ಪೇನಿದೆ?

ಈಗ ಯಜಮಾನರ ಮಾತಿಗೆ ಬರೋಣ. ಅಂಗಡಿಯಲ್ಲಿ ಬೆಕ್ಕಿನ ಕಾಲರ್ ಅಂತ ಕೊಡುವುದರಲ್ಲಿ ಮೂರು ಬಗೆ. ಒಂದು, ನಾಯಿ ಕಾಲರನ್ನೇ ಸಣ್ಣದು ಮಾಡಿದ್ದು. ಅದರ ಬಕಲ್‌ನ ಎರಡೂ ಬದಿಯನ್ನು ಬೆರಳಿನಿಂದ ಒತ್ತಿದರೆ ಮಾತ್ರ ಬಿಚ್ಚುತ್ತದೆ. ಬೆಕ್ಕಿಗೆ ಬೆರಳೆಲ್ಲಿದೆ? ಗ್ರಿಲ್‌ಗೋ ಕಪಾಟಿನ ಹಿಡಿಗೋ ಸಿಕ್ಕಿಕೊಂಡರೆ ಮುಗಿಯಿತು. ಎರಡನೆಯದು ನಡುವೆ ಎಲಾಸ್ಟಿಕ್ ತುಂಡು ಇರುವುದು. ಇದು ಸುರಕ್ಷಿತ ಅಂತ ಹೇಳಿ ಮಾರುತ್ತಾರೆ. ನನಗೆ ಇದು ಮೊದಲನೆಯದಕ್ಕಿಂತ ಕೆಟ್ಟದ್ದು ಅನಿಸುತ್ತದೆ. ಎಲಾಸ್ಟಿಕ್ ಹಿಗ್ಗುತ್ತದೆ, ಬೆಕ್ಕು ಕೆರೆದುಕೊಳ್ಳುವಾಗ ಮುಂಗಾಲು ಅದರೊಳಗೆ ತೂರುತ್ತದೆ, ವಾಪಸ್ ಬರುವುದಿಲ್ಲ. ಯಾರೂ ನೋಡದಿದ್ದರೆ ಕಂಕುಳಲ್ಲಿ ಪಟ್ಟಿ ಕೊರೆದು ಆಳವಾದ ಗಾಯವಾಗುತ್ತದೆ. ಆ ಜಾಗ ಕಾಲು ಅಲ್ಲಾಡಿದಾಗಲೆಲ್ಲ ಎಳೆಯುವುದರಿಂದ ಬೇಗ ಮಾಯುವುದೂ ಇಲ್ಲ. ಮೂರನೆಯದು ಬ್ರೇಕ್‌ಅವೇ ಕಾಲರ್. ಜೋರಾಗಿ ಎಳೆದರೆ ಬಕಲ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಿಮಗೆ ಬೇಕಾದ್ದು ಇದು.

ಹೊಸದಾಗಿ ಹಾಕಿದಾಗ ಆಗುವ ಇನ್ನೊಂದು ಫಜೀತಿ ಇದೆ. ಬೆಕ್ಕು ಎದೆ ನೆಕ್ಕಲು ತಲೆ ಬಗ್ಗಿಸುತ್ತದೆ. ಕಾಲರ್ ಸಡಿಲವಿದ್ದರೆ ಕೆಳದವಡೆ ಅದರೊಳಗೆ ಸೇರಿಕೊಳ್ಳುತ್ತದೆ. ಬಾಯಿ ತೆರೆದುಕೊಂಡೇ ಇರುತ್ತದೆ, ಮುಚ್ಚಲು ಬರುವುದಿಲ್ಲ. ಆಗ ಅದು ಕೂಗುವುದಿಲ್ಲ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತದೆ, ಮಂಚದ ಕೆಳಗೆ ಗೋಡೆ ಮುಟ್ಟುವವರೆಗೆ. ನಮ್ಮ ಕೆಂಚನಿಗೆ ಹೀಗಾದಾಗ ನಾನು ಬಗ್ಗಿ ಕೈ ಹಾಕುವಷ್ಟರಲ್ಲಿ ಅವನೇ ಮುಂಗಾಲು ಒದ್ದ. ಟಕ್ ಅಂತ ಬಕಲ್ ಬಿಟ್ಟಿತು. ಬೇರೆ ಬಗೆಯ ಕಾಲರ್ ಆಗಿದ್ದರೆ ಕತ್ತರಿ ತರಬೇಕಿತ್ತು, ಕೈಯೆಲ್ಲ ಪರಚಿಸಿಕೊಳ್ಳಬೇಕಿತ್ತು.

ಇದೆಲ್ಲ ಎಷ್ಟು ಸಲ ಆಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಲಿಂಡಾ ಲಾರ್ಡ್ ಮತ್ತು ಜೊತೆಯವರ ಅಧ್ಯಯನ 2010ರಲ್ಲಿ ಬಂತು. 538 ಬೆಕ್ಕುಗಳಿಗೆ ಮೂರು ಬಗೆಯ ಕಾಲರ್‌ಗಳನ್ನು ಹಂಚಿ ಹಾಕಿ 6 ತಿಂಗಳು ನೋಡಿದರು. ಕೊನೆಗೆ 391 ಬೆಕ್ಕುಗಳ ಕುತ್ತಿಗೆಯಲ್ಲಿ ಕಾಲರ್ ಇನ್ನೂ ಇತ್ತು. ಕಾಲು ಅಥವಾ ಬಾಯಿ ಸಿಕ್ಕಿಕೊಂಡಿದ್ದು, ಕಾಲರ್ ಯಾವುದಕ್ಕಾದರೂ ತಗುಲಿಕೊಂಡಿದ್ದು, ಎಲ್ಲ ಸೇರಿ 18 ಬೆಕ್ಕುಗಳಿಗೆ. ಶೇ. 3ರ ಆಸುಪಾಸು. ಕಡಿಮೆಯೇ, ಆದರೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಲ್ಲ. ಅದಕ್ಕೇ ಬಿಚ್ಚಿಕೊಳ್ಳುವ ಬಕಲ್ ಬಗ್ಗೆ ಇಷ್ಟು ಹಟ ಮಾಡುತ್ತಿದ್ದೇನೆ.

ಕೊಳ್ಳುವಾಗ ಪೊಟ್ಟಣದ ಮೇಲಿನ ಬರಹ ನಂಬಬೇಡಿ. ಬಕಲ್ ಹಾಕಿ ಎರಡೂ ಕಡೆ ಹಿಡಿದು ಜಗ್ಗಿ. ಮಧ್ಯಮ ಜೋರಿಗೆ ಬಿಡಬೇಕು. ಮನೆಗೆ ತಂದ ಮೇಲೆ ನಾನು ಇನ್ನೊಂದು ಮಾಡುತ್ತೇನೆ: ಕಾಲರನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ, ಅದಕ್ಕೆ ಎರಡು ಲೀಟರ್ ನೀರು ತುಂಬಿದ ಬಾಟಲಿ ಇರುವ ಚೀಲ ಸಿಕ್ಕಿಸಿ ಒಂದು ಸಣ್ಣ ಜರ್ಕ್ ಕೊಡುತ್ತೇನೆ. ದೊಡ್ಡ ಬೆಕ್ಕು ಮೂರರಿಂದ ಐದು ಕಿಲೋ ತೂಗುತ್ತದೆ. ಎರಡು ಕಿಲೋಗೇ ಬಿಡದ ಬಕಲ್ ನಮಗೆ ಬೇಡ. ಕೆಲವು ಹೊಸದರಲ್ಲಿ ಬಿಗಿ ಇರುತ್ತವೆ, ನಾಲ್ಕೈದು ಸಲ ಹಾಕಿ ತೆಗೆದರೆ ಸರಿಹೋಗುತ್ತವೆ. ಸರಿಹೋಗದಿದ್ದರೆ ವಾಪಸ್ ಕೊಡಿ.

ಹಾಕುವಾಗ ಕಾಲರ್ ಮತ್ತು ಕುತ್ತಿಗೆ ನಡುವೆ ಎರಡು ಬೆರಳು ಹೋಗಬೇಕು. ಮೂರು ಹೋದರೆ ಸಡಿಲ. ಮೊದಲು ಕುತ್ತಿಗೆ ಉಬ್ಬಿಸಿಕೊಂಡಿರುತ್ತವೆ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಊಟ ಹಾಕುವ ಸ್ವಲ್ಪ ಮುಂಚೆ ಹಾಕಿದರೆ ಒಳ್ಳೆಯದು, ಗಮನ ತಟ್ಟೆ ಕಡೆ ಇರುತ್ತದೆ. ಮೊದಲ ದಿನ ನೆಲಕ್ಕೆ ಅಂಟಿಕೊಂಡು ನಡೆಯುವುದು, ಬೆನ್ನು ಮೇಲೆ ಬಿದ್ದು ಒದೆಯುವುದು, ಎಲ್ಲ ನಾಟಕವೂ ಇರುತ್ತದೆ. ಸುಮ್ನೆ ನೋಡುತ್ತಾ ಇರಿ, ಆದರೆ ಮನೆಯಲ್ಲಿ ಯಾರೂ ಇಲ್ಲದ ದಿನ ಶುರು ಮಾಡಬೇಡಿ. ಮರಿಗಳಿಗೆ ಬೇಡ, ಕುತ್ತಿಗೆ ವಾರವಾರಕ್ಕೂ ದಪ್ಪವಾಗುತ್ತದೆ. ಕಾಲರ್ ಕೆಳಗೆ ಕೂದಲು ಉದುರಿದ್ದರೆ, ಕಜ್ಜಿ ಕಂಡರೆ ತೆಗೆದುಬಿಡಿ.

ನಂಬರ್ ಹೇಗೆ ಹಾಕಿಸುವುದು? ನೇತಾಡುವ ಬಿಲ್ಲೆಗಿಂತ ಪಟ್ಟಿಯ ಮೇಲೇ ಹೊಲಿಸಿದ್ದು ಮೇಲು. ಬಿಲ್ಲೆ ಸ್ಟೀಲ್ ತಟ್ಟೆಗೆ ಬಡಿಯುತ್ತದೆ, ಪಾರಿವಾಳದ ಬಲೆಯ ಕಣ್ಣಿಗೆ ಸಿಕ್ಕುತ್ತದೆ. ಸ್ಕೂಲ್ ಯೂನಿಫಾರ್ಮ್ ಮೇಲೆ ಹೆಸರು ಹಾಕಿಕೊಡುವ ಎಂಬ್ರಾಯ್ಡರಿ ಅಂಗಡಿಯವರು ಕಾಲರ್ ಮೇಲೂ ಹಾಕಿಕೊಡುತ್ತಾರೆ. ಬೆಕ್ಕಿನ ಹೆಸರು ಬೇಕಿಲ್ಲ, ಹತ್ತು ಅಂಕಿ ಸಾಕು. ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದು ನೆಕ್ಕಿ ನೆಕ್ಕಿ ಮಾಸಿಹೋಗುತ್ತದೆ.

ಇನ್ನು ಗೆಜ್ಜೆ. ಬೆಕ್ಕಿಗೆ ಗಂಟೆ ಕಟ್ಟುವುದು ಗಾದೆಯಲ್ಲೇ ಇರಲಿ. ಹೊರಗೆ ಹೋಗಿ ಹಕ್ಕಿ ಹಿಡಿಯುವ ಬೆಕ್ಕಿಗೆ ಗಂಟೆ ಕಟ್ಟಿದರೆ ಹಕ್ಕಿಗೆ ಉಪಕಾರ. ನಿಮ್ಮ ಮನೆಯಲ್ಲಿ ಅದು ಹಲ್ಲಿಗಳಿಗೆ ಮಾತ್ರ ಎಚ್ಚರಿಕೆ. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕಿಗೆ 60,000 ದಾಟಿಯೂ ಕೇಳುತ್ತದೆ. ಅಂಥ ಕಿವಿಯ ಕೆಳಗೇ ದಿನವಿಡೀ ಝಣಝಣ ಅನ್ನಿಸುವುದು ನನಗೆ ಇಷ್ಟವಿಲ್ಲ. ಎಲ್ಲಿದೆ ಅಂತ ಗೊತ್ತಾಗುತ್ತದೆ ಅನ್ನುವುದೂ ಅಷ್ಟು ನಿಜವಲ್ಲ. ಹೆದರಿ ಅಲ್ಲಾಡದೆ ಕೂತ ಬೆಕ್ಕಿನ ಗೆಜ್ಜೆ ಎಲ್ಲಿಂದ ಸದ್ದು ಮಾಡಬೇಕು? ಆದರೆ ಒಂದು ಮಾತು. ಅತ್ತೆಯವರಿಗೆ ಕಣ್ಣು ಮಂಜಾಗಿದ್ದು, ರಾತ್ರಿ ಅಡುಗೆಮನೆಗೆ ನೀರಿಗೆ ಹೋದಾಗ ಬೆಕ್ಕು ಕಾಲಿಗೆ ಸುತ್ತಿಕೊಳ್ಳುತ್ತದೆ ಅನ್ನುವುದು ಅವರ ಚಿಂತೆಯಾಗಿದ್ದರೆ, ಒಂದೇ ಒಂದು ಸಣ್ಣ ಗಂಟೆ ಇರಲಿ. ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಂಡರೆ ಕಷ್ಟ. ಅವರನ್ನೇ ಕೇಳಿ ನೋಡಿ.

ದೃಷ್ಟಿಯಾಗಬಾರದು ಅಂತ ಕಪ್ಪು ದಾರ ಕಟ್ಟುವುದು ಮಾತ್ರ ಬೇಡವೇ ಬೇಡ. ಆ ದಾರ ಹರಿಯುವುದಿಲ್ಲ, ತೆಳ್ಳಗಿರುವುದರಿಂದ ಚರ್ಮಕ್ಕೆ ಕೊರೆಯುತ್ತದೆ, ಕೂದಲಿನೊಳಗೆ ಕಾಣುವುದೂ ಇಲ್ಲ. ದೃಷ್ಟಿ ತೆಗೆಯಲೇಬೇಕು ಅಂದರೆ ಉಪ್ಪು ನಿವಾಳಿಸಿ ಹಾಕಿ, ಬೆಕ್ಕಿಗೂ ಕ್ಷೇಮ.

ಚಿಗಟದ ಕಾಲರ್ ಬೇರೆಯೇ ವಿಷಯ. ಅದರಲ್ಲಿ ಔಷಧಿ ಇರುತ್ತದೆ. ನಾಯಿಯ ಉಣ್ಣೆ-ಚಿಗಟದ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುವುದುಂಟು. ನಾಯಿ ಅದನ್ನು ತಡೆದುಕೊಳ್ಳುತ್ತದೆ, ಬೆಕ್ಕಿನ ಲಿವರ್‌ಗೆ ಅದನ್ನು ಸರಿಯಾಗಿ ಕರಗಿಸಲು ಆಗುವುದಿಲ್ಲ. ಮೈ ನಡುಗಿ ಫಿಟ್ಸ್ ಬಂದು ಸಾಯಲೂಬಹುದು. ಅಂಗಡಿಯವರು ‘ಎರಡಕ್ಕೂ ಆಗುತ್ತೆ ಮೇಡಂ’ ಅಂದರೂ ಡಾಕ್ಟರನ್ನು ಕೇಳದೆ ಹಾಕಬೇಡಿ.

ಮೈಕ್ರೋಚಿಪ್ ಹಾಕಿಸಿದರೆ ಕಾಲರ್ ಬೇಕಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ಚಿಪ್ ಅಕ್ಕಿಕಾಳಿನಷ್ಟು ದೊಡ್ಡದು, ಭುಜದ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಹಾಕುತ್ತಾರೆ. ಒಳಗೆ 15 ಅಂಕಿಯ ನಂಬರ್ ಇರುತ್ತದೆ ಅಷ್ಟೆ. ಬ್ಯಾಟರಿ ಇಲ್ಲ, ಬೆಕ್ಕು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವುದೂ ಇಲ್ಲ. ಸ್ಕ್ಯಾನರ್ ಹಿಡಿದರೆ ಮಾತ್ರ ನಂಬರ್ ಬರುತ್ತದೆ. ಇಂಗ್ಲೆಂಡಿನಲ್ಲಿ 2024ರ ಜೂನ್‌ನಿಂದ ಸಾಕಿದ ಬೆಕ್ಕಿಗೆ 20 ವಾರ ತುಂಬುವುದರೊಳಗೆ ಚಿಪ್ ಕಡ್ಡಾಯ. ಅಲ್ಲಿ ಸಿಕ್ಕ ಬೆಕ್ಕನ್ನು ಸ್ಕ್ಯಾನ್ ಮಾಡಿಸುವ ರೂಢಿ ಇದೆ, ಹಾಗಾಗಿ ಪ್ರಯೋಜನವೂ ಇದೆ. ನಮ್ಮ ಇಸ್ತ್ರಿಯವರು ಸ್ಕ್ಯಾನರ್ ಎಲ್ಲಿಂದ ತರಬೇಕು? ಚಿಪ್ ಬೇಡ ಅನ್ನುತ್ತಿಲ್ಲ. ಕಾಲರ್ ಬಿಚ್ಚಿಕೊಂಡು ಬಿದ್ದರೂ ಚಿಪ್ ಉಳಿಯುತ್ತದೆ. ಮುಂದೆ ಬೆಕ್ಕನ್ನು ಕರೆದುಕೊಂಡು ಯುರೋಪಿಗೆ ಹೋಗುವ ಯೋಚನೆ ಇದ್ದರಂತೂ ಬೇಕೇ ಬೇಕು, ಅದೂ ರೇಬೀಸ್ ಲಸಿಕೆಗಿಂತ ಮೊದಲು ಹಾಕಿಸಿರಬೇಕು. ಎರಡೂ ಇದ್ದರೆ ಚೆನ್ನ. ಒಂದೇ ಅಂದರೆ, ನಮ್ಮ ಊರುಗಳಿಗೆ ನಾನು ಕಾಲರ್ ಅನ್ನುತ್ತೇನೆ.

ಬ್ರೇಕ್‌ಅವೇ ಕಾಲರ್ ತಂದರೆ ಎರಡು ತನ್ನಿ. ಆಡುವಾಗ ಬಿಚ್ಚಿ ಬೀಳಿಸುತ್ತವೆ, ಸೋಫಾ ಕೆಳಗೋ ವಾಷಿಂಗ್ ಮೆಷಿನ್ ಹಿಂದೆಯೋ ಹೋಗಿರುತ್ತದೆ. ಸಿಗುವವರೆಗೆ ಇನ್ನೊಂದು ಹಾಕಿ. ಯಾವುದು ಕೊಳ್ಳಬೇಕು ಅಂತ ಗೊಂದಲವಾದರೆ ಬಕಲ್ ಹತ್ತಿರದಿಂದ ಕಾಣುವ ಹಾಗೆ ಫೋಟೊ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.