ಗಾಲಿಗೆ ಅಂಟುವ ಕಪ್ಪು ಪುಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವಾರಕ್ಕೊಮ್ಮೆ ಕಾರು ತೊಳೆದರೂ ಮುಂದಿನ ಎರಡು ಅಲಾಯ್ ವೀಲ್‌ಗಳು ಬೇಗ ಕಪ್ಪಾಗುತ್ತವೆ, ಹಿಂದಿನವು ಚೊಕ್ಕವಾಗಿಯೇ ಇರುತ್ತವೆ. ಈಗ ಮೂಲೆಗಳಲ್ಲಿ ಕಂದು ಚುಕ್ಕೆಗಳೂ ಎದ್ದಿವೆ, ಶಾಂಪೂಗೆ ಜಗ್ಗುತ್ತಿಲ್ಲ. ಟಾಯ್ಲೆಟ್ ಕ್ಲೀನರ್ ಹಾಕಿದರೆ ಹೋಗುತ್ತದೆ ಅನ್ನುತ್ತಾರೆ. ಹಾಕಬಹುದೇ?
– ಓದುಗರು, ದಾವಣಗೆರೆ

ಉತ್ತರ: ಬೇಡವೇ ಬೇಡ. ಸಾಮಾನ್ಯವಾಗಿ ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಗಾಲಿಯ ಮೇಲಿನ ಪಾರದರ್ಶಕ ಲೇಪ ಎಲ್ಲಿ ಸ್ವಲ್ಪ ಎದ್ದಿದ್ದರೂ ಅದು ಒಳಗಿಳಿದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಆಮೇಲೆ ಬಿಳಿಚಿಕೊಂಡು ಉಳಿಯುವ ಕಲೆಗೆ ಹೊಸ ಪೇಂಟ್ ಬಿಟ್ಟು ಬೇರೆ ಮದ್ದಿಲ್ಲ.

ಬ್ರೇಕ್ ಒತ್ತಿದಾಗ, ಒತ್ತಿ ಹಿಡಿಯುವ ಪ್ಯಾಡ್ ಮಾತ್ರವಲ್ಲ, ಗಾಲಿಯೊಂದಿಗೆ ತಿರುಗುವ ಎರಕದ ಕಬ್ಬಿಣದ ತಟ್ಟೆ, ಅಂದರೆ ಡಿಸ್ಕ್ ಕೂಡ ಸವೆಯುತ್ತದೆ. ಹಾಗೆ ಹಾರುವ ಪುಡಿಯಲ್ಲಿ ಬಿಸಿ ಕಬ್ಬಿಣದ ಕಣಗಳು ಧಾರಾಳವಾಗಿರುತ್ತವೆ. ಅವು ಲೇಪಕ್ಕೆ ಕಚ್ಚಿ, ನೀರು ತಾಗಿ ತುಕ್ಕು ಹಿಡಿದಾಗ ನಿಮಗೆ ಕಾಣುವುದೇ ಆ ಕಂದು ಚುಕ್ಕೆ. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬೀಳುವುದರಿಂದ ಹೆಚ್ಚಿನ ಕೆಲಸ ಮುಂದಿನ ಬ್ರೇಕ್‌ಗಳದೇ. ನಮ್ಮಲ್ಲಿನ ಬಹಳಷ್ಟು ಕಾರುಗಳಿಗೆ ಹಿಂದೆ ಡ್ರಮ್ ಬ್ರೇಕ್ ಇರುತ್ತದೆ, ಅದರ ಪುಡಿ ಡ್ರಮ್ಮಿನೊಳಗೇ ಉಳಿಯುತ್ತದೆ.

ತೊಳೆಯುವ ಮೊದಲು ಗಾಲಿ ಪೂರ್ತಿ ತಣ್ಣಗಾಗಿರಬೇಕು. ಕಾದ ಡಿಸ್ಕಿಗೆ ತಣ್ಣೀರು ಸುರಿದರೆ ಅದು ಸೊಟ್ಟಗಾಗುವ ಅಪಾಯವಿದೆ. ಬಿಸಿ ಗಾಲಿಯ ಮೇಲೆ ತೊಳೆಯುವ ದ್ರವವೂ ಕ್ಷಣದಲ್ಲಿ ಒಣಗಿ ಕಲೆ ಕಟ್ಟುತ್ತದೆ. ನೆರಳಿನಲ್ಲಿ ನಿಲ್ಲಿಸಿ, ಒಂದು ಸಲಕ್ಕೆ ಒಂದೇ ಗಾಲಿ ಹಿಡಿಯಿರಿ. ಮೊದಲು ಪೈಪಿನ ನೀರು ಬಿಟ್ಟು ಸಡಿಲ ಪುಡಿ ಇಳಿಸಿ. ಒಣಗಿದ್ದಾಗಲೇ ಬಟ್ಟೆಯಿಂದ ಒರೆಸಿದರೆ ಆ ಕಣಗಳೇ ಮರಳು ಕಾಗದದಂತೆ ಗೀರು ಎಳೆಯುತ್ತವೆ. ಆಮೇಲೆ ಕಾರ್ ಶಾಂಪೂ, ಮೆತ್ತನೆಯ ಬ್ರಷ್. ಈ ಬ್ರಷ್, ಬಟ್ಟೆ, ಬಕೆಟ್ ಮೂರೂ ಗಾಲಿಗೇ ಮೀಸಲಿರಲಿ. ಕಾರಿನ ಮೈಗೆ ಅದೇ ಬಟ್ಟೆ ಮುಟ್ಟಿಸಿದರೆ ಬಾನೆಟ್ ತುಂಬ ಗೀರು.

ಕಂದು ಚುಕ್ಕೆಗೆ ಬೇಕಾದದ್ದು ಆಮ್ಲವಿಲ್ಲದ ಐರನ್ ರಿಮೂವರ್. ಬಾಟಲಿಯ ಮೇಲೆ ಥಯೋಗ್ಲೈಕೊಲೇಟ್ ಎಂದಿದೆಯೇ ನೋಡಿಕೊಳ್ಳಿ. ಕೈಗವಸು ಹಾಕಿ, ಒಂದು ಗಾಲಿಗೆ ಸುಮಾರು 50 ಮಿ.ಲೀ. ಸ್ಪ್ರೇ ಮಾಡಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆದರಬೇಡಿ. ಗಾಳಿಯಾಡುವ ಜಾಗವಿದ್ದರೆ ಸಾಕು. ಕಬ್ಬಿಣ ಇರುವಲ್ಲೆಲ್ಲ ದ್ರವ ನೇರಳೆ ಬಣ್ಣಕ್ಕೆ ತಿರುಗಿ ಕೆಳಕ್ಕೆ ಇಳಿಯುತ್ತದೆ. ಮೂರರಿಂದ ಐದು ನಿಮಿಷ ಬಿಟ್ಟು, ಒಣಗುವ ಮುಂಚೆಯೇ ಬ್ರಷ್ ಆಡಿಸಿ ಧಾರಾಳ ನೀರಿನಲ್ಲಿ ತೊಳೆಯಿರಿ. ಇನ್ನೂ ಚುಕ್ಕೆ ಉಳಿದಿದ್ದರೆ ಮತ್ತೊಂದು ಸಲ ಹಾಕಿ, ಸ್ಟೀಲ್ ಸ್ಕ್ರಬ್ಬರ್ ಮಾತ್ರ ಹಿಡಿಯಬೇಡಿ. ಬೋರ್‌ವೆಲ್ ನೀರಾದರೆ ತಕ್ಷಣ ಒರೆಸಿ, ಇಲ್ಲವಾದರೆ ಬಿಳಿ ಸುಣ್ಣದ ಕಲೆ ಕೂರುತ್ತದೆ. ಕೊನೆಗೆ ವೀಲ್ ವ್ಯಾಕ್ಸ್ ತೆಳುವಾಗಿ ಸವರಿದರೆ ಮುಂದಿನ ಸಲ ಬರೀ ಶಾಂಪೂಗೇ ಪುಡಿ ಬಿಡುತ್ತದೆ. ಡಿಸ್ಕಿಗೆ ಅದರ ಒಂದು ಹನಿಯೂ ತಾಗಬಾರದು, ಬ್ರೇಕ್ ಜಾರುತ್ತದೆ.

ಪ್ರಶ್ನೆ: ಮುಂದಿನ ಎಡಗಾಲಿ ಮಾತ್ರ ಬಲಗಾಲಿಗಿಂತ ಹೆಚ್ಚು ಕಪ್ಪಾಗುತ್ತಿದೆ. ಇದಕ್ಕೆ ಯಾವ ಕ್ಲೀನರ್ ಒಳ್ಳೆಯದು?
– ಓದುಗರು, ಪುತ್ತೂರು

ಉತ್ತರ: ಕ್ಲೀನರ್ ವಿಚಾರ ಆಮೇಲೆ, ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಎರಡೂ ಬದಿ ಒಂದೇ ಸಮ ಕಪ್ಪಾದರೆ ಅದು ಮಾಮೂಲಿ ಸವೆತ. ಒಂದೇ ಬದಿ ಹೆಚ್ಚಾದರೆ ಅಲ್ಲಿ ಪ್ಯಾಡ್ ಡಿಸ್ಕನ್ನು ಬಿಡದೆ ಉಜ್ಜುತ್ತಿರುವ ಸಾಧ್ಯತೆ ಹೆಚ್ಚು. ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಅತ್ತಿತ್ತ ಸರಿಯಲು ಇರುವ ಸ್ಲೈಡ್ ಪಿನ್ ತುಕ್ಕು ಹಿಡಿದು ಬಿಗಿದಿರಬಹುದು, ಇಲ್ಲವೇ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ಸರಿಯುತ್ತಿರಲಿಕ್ಕಿಲ್ಲ. ಕರಾವಳಿಯ ಮಳೆ, ತೇವದಲ್ಲಿ ಪಿನ್ ಹಿಡಿಯುವುದು ಸಾಮಾನ್ಯ.

ನೀವೇ ಒಂದು ಪರೀಕ್ಷೆ ಮಾಡಬಹುದು. ಏಳೆಂಟು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ಎರಡೂ ಗಾಲಿಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಕಡೆ ಎದ್ದು ಕಾಣುವಷ್ಟು ಬಿಸಿ ಹೊಡೆದರೆ ಅನುಮಾನ ನಿಜವೆಂದೇ ತಿಳಿಯಿರಿ. ಕಾರು ಒಂದು ಬದಿಗೆ ಎಳೆಯುವುದು, ಮೈಲೇಜ್ ಇಳಿಯುವುದು ಇದರದೇ ಲಕ್ಷಣ. ಗ್ಯಾರೇಜಿನಲ್ಲಿ ಪಿನ್ ಬಿಚ್ಚಿ, ಉಜ್ಜಿ, ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿಸಿ. ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಒಳಗಿನ ಪ್ಯಾಡನ್ನೂ ನೋಡಲು ಹೇಳಿ; ಹೊರಗಿನದು ದಪ್ಪಗಿದ್ದು ಒಳಗಿನದು ತಳ ಕಂಡಿರುವುದು ಎಷ್ಟೋ ಸಲ ಗಾಲಿ ಬಿಚ್ಚದೆ ಗೊತ್ತಾಗುವುದಿಲ್ಲ. 3 ಮಿ.ಮೀ.ಗೆ ಬಂದಿದ್ದರೆ ಎರಡೂ ಬದಿಯ ಪ್ಯಾಡ್ ಒಟ್ಟಿಗೇ ಬದಲಿಸಿ. ಮೆಕ್ಯಾನಿಕ್ ಏರ್ ಹೊಡೆದು ಪುಡಿ ಹಾರಿಸಲು ಹೋದರೆ ತಡೆಯಿರಿ. ಅದು ಶ್ವಾಸಕೋಶಕ್ಕೆ ಇಳಿಯುವಷ್ಟು ನಯವಾಗಿರುತ್ತದೆ, ಒದ್ದೆ ಮಾಡಿಯೇ ತೆಗೆಯಬೇಕು.

ಪ್ರಶ್ನೆ: ಸೆರಾಮಿಕ್ ಪ್ಯಾಡ್ ಹಾಕಿಸಿದರೆ ಪುಡಿಯೇ ಬರುವುದಿಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ಬರುತ್ತದೆ, ಆದರೆ ಕಡಿಮೆ. ಬಣ್ಣವೂ ತಿಳಿಯಾಗಿರುವುದರಿಂದ ಅಷ್ಟಾಗಿ ಕಾಣುವುದಿಲ್ಲ. ಬೆಲೆ ಹೆಚ್ಚು. ನಿಮ್ಮ ಮಾಡೆಲ್‌ಗೆ ಹೊಂದುವ ಒಳ್ಳೆಯ ಕಂಪನಿಯ ಪ್ಯಾಡ್ ಸಿಕ್ಕರೆ ಮಾತ್ರ ಹಾಕಿಸಿ, ಪುಡಿಗೆ ಹೆದರಿ ಬ್ರೇಕಿನ ಹಿಡಿತ ಕಳೆದುಕೊಳ್ಳಬಾರದು. ಯಾವುದೇ ಹೊಸ ಪ್ಯಾಡ್ ಡಿಸ್ಕಿಗೆ ಕೂರುವವರೆಗೆ ಒಂದಿಷ್ಟು ಹೆಚ್ಚೇ ಪುಡಿ ಬಿಡುತ್ತದೆ. ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ವೇಗ ತಡೆಯಲು ಬಿಟ್ಟರೆ ಪ್ಯಾಡೂ ಉಳಿಯುತ್ತದೆ, ಗಾಲಿಯೂ ಚೊಕ್ಕ.

ಪ್ರಶ್ನೆ: ತೊಳೆದ ಮರುದಿನ ಡಿಸ್ಕ್ ಮೇಲೆ ಕೆಂಪು ತುಕ್ಕು ಕಾಣುತ್ತದೆ. ತೊಳೆದದ್ದೇ ತಪ್ಪಾಯಿತೇ?
– ಓದುಗರು, ಶಿರಸಿ

ಉತ್ತರ: ಇಲ್ಲ. ಅದು ಮೇಲುಮೇಲಿನ ತುಕ್ಕು, ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ತೊಳೆದ ಮೇಲೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸುತ್ತ ಐದಾರು ಬಾರಿ ಮೆಲ್ಲಗೆ ಬ್ರೇಕ್ ಹಾಕಿ, ಡಿಸ್ಕ್ ಒಣಗಿದ ಮೇಲೆ ಶೆಡ್ಡಿಗೆ ಹಾಕಿ. ಒದ್ದೆ ಇರುವಾಗಲೇ ನಿಲ್ಲಿಸಿ ದಿನಗಟ್ಟಲೆ ಬಿಟ್ಟರೆ ಪ್ಯಾಡ್ ಡಿಸ್ಕಿಗೆ ಅಂಟಿಕೊಳ್ಳಬಹುದು.