ಅಡಿಕೆ ಮರದಿಂದ ಬಿದ್ದು ಕಾಲಿನ ಸ್ವಾಧೀನ ಹೋದ ತಮ್ಮ, ಕರೆಂಟ್ ಚಿಕಿತ್ಸೆಯಿಂದ ಮತ್ತೆ ನಡೆಯಬಹುದೇ?

ನಿಮ್ಮ ತಮ್ಮ ಕಳೆದ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಹತ್ತಿದವರು ಬಿದ್ದರು, ಡಿ12 ಮೂಳೆ (ಎದೆಯ ಭಾಗದ ಬೆನ್ನುಮೂಳೆಗಳಲ್ಲಿ ಕೊನೆಯದು) ಮುರಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ ಎಂದು ಬರೆದಿದ್ದೀರಿ. ಬೆನ್ನುಹುರಿಗೆ ಕರೆಂಟ್ ಕೊಡುವ ಇಂಪ್ಲಾಂಟ್ ಅನ್ನು ಬೆನ್ನಿನೊಳಗೆ ಹಾಕಿಸಿಕೊಂಡವರು ವಾಕರ್ ಹಿಡಿದು ನಡೆಯುವ ವಿಡಿಯೊ ನೋಡಿದ್ದೀರಿ. ಸ್ಟೆಮ್ ಸೆಲ್ ಮತ್ತು ಕರೆಂಟ್ ಸೇರಿಸಿ ಪ್ಯಾಕೇಜ್ ಕೊಡುತ್ತೇವೆ ಎಂದು ಯಾರೋ ಹೇಳಿದ್ದಾರೆ, ಅದಕ್ಕಾಗಿ ತೋಟ ಅಡ ಇಡೋಣವೇ ಎಂದು ಕೇಳಿದ್ದೀರಿ.

ದಯವಿಟ್ಟು ಅಡ ಇಡಬೇಡಿ. ನಾನು ಫಿಸಿಯೋಥೆರಪಿಸ್ಟ್. ಬೆನ್ನುಹುರಿಗೆ ಪೆಟ್ಟಾದವರ ಜೊತೆಗೇ ನನ್ನ ಕೆಲಸ. ಮರದಿಂದ ಬಿದ್ದವರನ್ನು ತುಂಬ ನೋಡಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ವಿಡಿಯೊಗಳ ವಿಷಯ. ಅವು ಸುಳ್ಳಲ್ಲ. ಅಮೆರಿಕದ ಕೆಂಟಕಿಯ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ಸೂಸನ್ ಹರ್ಕೆಮಾ ಅವರ ತಂಡ 2009ರಲ್ಲಿ ರಾಬ್ ಸಮ್ಮರ್ಸ್ ಎಂಬ ಬೇಸ್‌ಬಾಲ್ ಆಟಗಾರನ ಬೆನ್ನಿನೊಳಗೆ 16 ಎಲೆಕ್ಟ್ರೋಡ್‌ಗಳ ಪಟ್ಟಿ ಇಟ್ಟಿತು. ನೋವು ಕಡಿಮೆ ಮಾಡಲು ಮೊದಲಿನಿಂದ ಬಳಕೆಯಲ್ಲಿದ್ದ ಉಪಕರಣವೇ ಅದು. ಸ್ವಿಚ್ ಹಾಕಿದಾಗ ಆತ ತನ್ನ ಕಾಲ ಮೇಲೆ ಭಾರ ಹೊತ್ತು ನಿಂತ. ಆಮೇಲೆ ಬೇಕೆಂದಾಗ ಕಾಲ್ಬೆರಳು, ಮೊಣಕಾಲು ಅಲ್ಲಾಡಿಸಿದ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗ್ರೆಗ್ವಾರ್ ಕೂರ್ಟೀನ್ ಮತ್ತು ಸರ್ಜನ್ ಜೋಸ್ಲಿನ್ ಬ್ಲಾಕ್ ಇನ್ನೂ ಮುಂದೆ ಹೋದರು. ಹೆಜ್ಜೆಯ ಲಯಕ್ಕೆ ಸರಿಯಾಗಿ ಬೇರೆ ಬೇರೆ ಜಾಗಕ್ಕೆ ಕರೆಂಟ್ ಕೊಟ್ಟರು. 2022ರಲ್ಲಿ, ಪೂರ್ತಿ ಸ್ವಾಧೀನ ಹೋಗಿದ್ದ ಮೂವರು ಅವರ ಇಂಪ್ಲಾಂಟ್‌ನಿಂದ ಒಂದೇ ದಿನದಲ್ಲಿ ಹೆಜ್ಜೆ ಹಾಕಿದ್ದು ವರದಿಯಾಯಿತು. 2023ರಲ್ಲಿ ನೆದರ್ಲೆಂಡ್ಸ್‌ನ ಗೆರ್ಟ್ ಯಾನ್ ಒಸ್ಕಾಮ್ ಅವರ ಮೆದುಳಿನ ಸಂಕೇತವನ್ನೇ ಓದಿ ಬೆನ್ನುಹುರಿಗೆ ಕಳಿಸುವ ವ್ಯವಸ್ಥೆಯೂ ಬಂತು.

ಆದರೆ ವಿಡಿಯೊದಲ್ಲಿ ಕಾಣದ್ದು ತುಂಬ ಇದೆ. ಲೂಯಿವಿಲ್ ತಂಡ 2018ರಲ್ಲಿ ನಾಲ್ವರ ಫಲಿತಾಂಶ ಕೊಟ್ಟಿತು. ನೆಲದ ಮೇಲೆ ನಡೆದವರು ಇಬ್ಬರೇ. ಆ ಇಬ್ಬರಿಗೂ ಪೆಟ್ಟಿನ ಕೆಳಗೆ ಒಂದಿಷ್ಟು ಸ್ಪರ್ಶ ಉಳಿದಿತ್ತು. ಅವರಲ್ಲಿ ಒಬ್ಬರಿಗೆ 15 ವಾರ, ಇನ್ನೊಬ್ಬರಿಗೆ 85 ವಾರ ತರಬೇತಿ ಬೇಕಾಯಿತು. ತರಬೇತಿಯಲ್ಲಿ ಒಬ್ಬರ ಸೊಂಟದ ಮೂಳೆಯೂ ಮುರಿಯಿತು. ವರ್ಷಗಟ್ಟಲೆ ಭಾರ ಹೊರದ ಮೂಳೆ ಅಷ್ಟು ಸವೆದಿರುತ್ತದೆ. ಇಂಪ್ಲಾಂಟ್‌ನಿಂದ ನಡೆಸುವುದು ಇವತ್ತಿಗೂ ಸಂಶೋಧನೆಯ ಹಂತದಲ್ಲೇ ಇದೆ. ಸರಿಯಾದ ಸಂಶೋಧನೆಯಲ್ಲಿ ಇಂಪ್ಲಾಂಟ್‌ಗೆ ರೋಗಿಯಿಂದ ಲಕ್ಷಗಟ್ಟಲೆ ಕೇಳುವುದಿಲ್ಲ. ನಿಮಗೆ ಪ್ಯಾಕೇಜ್ ಹೇಳಿದವರ ಬಗ್ಗೆ ನನಗೆ ಅನುಮಾನ ಬರುವುದೇ ಇಲ್ಲಿ.

ಈಗ ನಿಮ್ಮ ತಮ್ಮನಿಗೆ ನೇರವಾಗಿ ಸಂಬಂಧಿಸಿದ ಮಾತು. ಇದನ್ನು ಪ್ಯಾಕೇಜ್ ಮಾರುವವರು ಹೇಳುವುದಿಲ್ಲ.

ಕರೆಂಟ್ ಬೆನ್ನುಹುರಿಯನ್ನು ಮತ್ತೆ ಜೋಡಿಸುವುದಿಲ್ಲ. ಪೆಟ್ಟಿನ ಕೆಳಗೆ ಜೀವಂತ ಇರುವ ನರಗಳನ್ನು ಎಬ್ಬಿಸುತ್ತದೆ, ಅಷ್ಟೇ. ಪಂಪ್‌ಸೆಟ್ಟಿಗೆ ಬರುವ ವೈರ್ ತುಂಡಾಗಿದ್ದರೆ ಬೇರೆ ಕಡೆಯಿಂದ ಕರೆಂಟ್ ಕೊಟ್ಟು ಓಡಿಸಬಹುದು. ಮೋಟಾರಿನ ಕಾಯಿಲ್ಲೇ ಸುಟ್ಟಿದ್ದರೆ ಎಲ್ಲಿಂದ ಕೊಟ್ಟರೂ ಓಡುವುದಿಲ್ಲ, ಅಲ್ವಾ? ಕುತ್ತಿಗೆ ಅಥವಾ ಎದೆಯ ಮಟ್ಟದಲ್ಲಿ ಪೆಟ್ಟಾದವರದು ಸಾಮಾನ್ಯವಾಗಿ ಮೊದಲನೆಯ ಥರ. ಕಾಲನ್ನು ನಡೆಸುವ ನರಕೋಶಗಳು ಕೆಳಗೆ ಚೆನ್ನಾಗಿಯೇ ಇರುತ್ತವೆ, ಮೇಲಿಂದ ಸಂದೇಶ ಬರುವುದಿಲ್ಲ. ಆದರೆ ದೊಡ್ಡವರಲ್ಲಿ ಬೆನ್ನುಹುರಿ ಎಲ್1 ಮೂಳೆಯ, ಅಂದರೆ ಡಿ12ರ ಕೆಳಗೇ ಇರುವ ಸೊಂಟದ ಮೊದಲ ಮೂಳೆಯ ಹತ್ತಿರವೇ ಮುಗಿಯುತ್ತದೆ. ಕಾಲಿನ ನರಕೋಶಗಳು ಹೆಚ್ಚು ಕಡಿಮೆ ಡಿ10ರಿಂದ ಎಲ್1ರವರೆಗಿನ ಮೂಳೆಗಳ ಹಿಂದೆ ಒತ್ತೊತ್ತಾಗಿ ಇರುತ್ತವೆ. ಇಂಪ್ಲಾಂಟ್ ಕೂರಿಸುವುದೂ ಹೆಚ್ಚಾಗಿ ಇದೇ ಜಾಗದಲ್ಲಿ. ಮರದಿಂದ ಬಿದ್ದವರಿಗೆ ಮುರಿಯುವುದೂ ಜಾಸ್ತಿ ಇಲ್ಲೇ. ಎದೆಯ ಗಟ್ಟಿ ಬೆನ್ನುಮೂಳೆ ಸೊಂಟದ ಬಾಗುವ ಬೆನ್ನುಮೂಳೆಗೆ ಸೇರುವ ಸಂದು ಇದು, ಬಿದ್ದ ರಭಸ ಅಲ್ಲಿಗೇ ಬಂದು ಬಡಿಯುತ್ತದೆ. ಅಂದರೆ ನಿಮ್ಮ ತಮ್ಮನಿಗೆ ಆ ನರಕೋಶಗಳೇ ಜಜ್ಜಿರಬಹುದು. ಜಜ್ಜದೆಯೂ ಇರಬಹುದು.

ಇದನ್ನು ತಿಳಿಯಲು ಕಾಲನ್ನೇ ನೋಡಬೇಕು. ಬಿದ್ದು ಕೆಲವು ತಿಂಗಳಾದ ಮೇಲೆ ಕಾಲು ಬಿಗಿಯಾಗುತ್ತಿದೆಯೇ? ಹೊದಿಕೆ ತಾಗಿದರೂ ತಾನಾಗಿ ಎಳೆಯುತ್ತದೆಯೇ? ಪಾದವನ್ನು ಮೇಲಕ್ಕೆ ತಳ್ಳಿದರೆ ಪಟಪಟ ಅಲುಗುತ್ತದೆಯೇ? ಹಾಗಿದ್ದರೆ ಕೆಳಗಿನ ನರಗಳು ಬದುಕಿವೆ. ಮನೆಯವರು ಈ ಸ್ಪಾಸಂ ನೋಡಿ ಹೆದರುತ್ತಾರೆ, ನನಗೆ ಅದು ಒಳ್ಳೆಯ ಸುದ್ದಿ. ಕಾಲು ಮೆತ್ತಗೆ ಜೋತು ಬಿದ್ದು, ತೊಡೆ ಬೇಗ ಬೇಗ ಸೊರಗಿ, ಸ್ಟಿಮ್ಯುಲೇಟರ್ ಪ್ಯಾಡ್ ಇಟ್ಟರೂ ಸ್ನಾಯು ಕುಣಿಯದಿದ್ದರೆ ನರಕೋಶವೋ ಅದರಿಂದ ಹೊರಡುವ ನರದ ಬೇರೋ ಹೋಗಿದೆ ಎಂದು ಅರ್ಥ. ಒಂದು ಸಮಾಧಾನ ಇದೆ. ಆ ಮಟ್ಟದಲ್ಲಿ ನರದ ಬೇರುಗಳೂ ಇರುತ್ತವೆ, ಅವು ಬೆನ್ನುಹುರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ. ತೊಡೆಯ ಮುಂಭಾಗಕ್ಕೆ ನಿಧಾನವಾಗಿ ಶಕ್ತಿ ಬಂದವರಿದ್ದಾರೆ. ಆದ್ದರಿಂದ ಒಂದೇ ಸಲ ಪರೀಕ್ಷೆ ಮಾಡಿ ಬಿಡಬೇಡಿ.

ನರ ಬದುಕಿದ್ದರೆ ಚರ್ಮದ ಮೇಲೆ ಪ್ಯಾಡ್ ಇಟ್ಟು ಕೊಡುವ ಕರೆಂಟ್ ಖಂಡಿತ ಉಪಯೋಗಕ್ಕೆ ಬರುತ್ತದೆ. ಇದನ್ನು ಎಫ್‌ಇಎಸ್ ಎನ್ನುತ್ತಾರೆ. ಹೊಸದೇನಲ್ಲ, 1961ರಲ್ಲೇ ಲಿಬರ್ಸನ್ ಎಂಬ ಡಾಕ್ಟರ್ ನಡೆಯುವಾಗ ಪಾದ ಎತ್ತಲು ಬಳಸಿದ್ದರು. ಇದರಿಂದ ಸೈಕಲ್ ತುಳಿಸಬಹುದು. ತೊಡೆ ತುಂಬಿಕೊಳ್ಳುತ್ತದೆ, ರಕ್ತ ಓಡುತ್ತದೆ. ನರ ಬದುಕಿಲ್ಲದ ಸ್ನಾಯುವಿಗೂ ವಿಯೆನ್ನಾದ ಹೆಲ್ಮುಟ್ ಕೆರ್ನ್ ತಂಡ ಉದ್ದ ಪಲ್ಸ್ (ಹೆಚ್ಚು ಹೊತ್ತು ಇರುವ ಕರೆಂಟಿನ ಮಿಡಿತ) ಕೊಡುವ ಬೇರೆಯೇ ಯಂತ್ರದಿಂದ ಗಾತ್ರ ತಂದು ತೋರಿಸಿದೆ. ಮಾಮೂಲಿ ಯಂತ್ರದಿಂದ ಅದು ಆಗದು. ಮನೆಯಲ್ಲಿ ಸುಮ್ನೆ ಯಾವುದೋ ಮೆಷಿನ್ ತಂದು ಇಡಬೇಡಿ. ಸ್ಪರ್ಶ ಇಲ್ಲದ ಚರ್ಮ ಸುಟ್ಟರೂ ತಮ್ಮನಿಗೆ ಗೊತ್ತಾಗುವುದಿಲ್ಲ.

2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ, ಚರ್ಮದ ಮೇಲಿನಿಂದಲೇ ಬೆನ್ನುಹುರಿಗೆ ಕರೆಂಟ್ ಕೊಡುವ ಆರ್ಕ್-ಎಕ್ಸ್ ಎಂಬ ಯಂತ್ರದ ಹೆಸರೂ ನಿಮ್ಮ ಕಿವಿಗೆ ಬೀಳಬಹುದು. ಆ ಒಪ್ಪಿಗೆ ಕುತ್ತಿಗೆಗೆ ಪೆಟ್ಟಾದವರ ಕೈ ಸುಧಾರಿಸಲು. ಡಿ12ಕ್ಕೂ ಅದಕ್ಕೂ ಸಂಬಂಧ ಇಲ್ಲ.

ತಮ್ಮನ ಎರಡೂ ಕೈ, ಎದೆ, ಹೊಟ್ಟೆಯ ಶಕ್ತಿ ಪೂರ್ತಿ ಇದೆ. ಇದು ಸಣ್ಣ ಮಾತಲ್ಲ. ಡಿ12 ಪೆಟ್ಟಾದವರು ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಪಟ್ಟಿ) ಕಟ್ಟಿಕೊಂಡು, ಊರುಗೋಲು ಹಿಡಿದು ಮನೆಯೊಳಗೆ ಓಡಾಡುವುದನ್ನು ನಾನೇ ಕಲಿಸಿದ್ದೇನೆ. ಮೂರು ಚಕ್ರದ ಸ್ಕೂಟರ್ ಓಡಿಸಿಕೊಂಡು ಕೆಲಸಕ್ಕೆ ಹೋಗುವವರೂ ಇದ್ದಾರೆ. ಈಗ ದುಡ್ಡು ಮತ್ತು ಶ್ರಮ ಹಾಕಬೇಕಾದದ್ದು ಹಾಸಿಗೆ ಹುಣ್ಣು ಆಗದಂತೆ, ಮೂತ್ರದ ಸೋಂಕು ಬರದಂತೆ, ಕಾಲಿನ ಕೀಲು ಸೆಟೆಯದಂತೆ ನೋಡಿಕೊಳ್ಳುವುದಕ್ಕೆ. ಹುಣ್ಣಾಗಿ ತಿಂಗಳುಗಟ್ಟಲೆ ಬೋರಲು ಮಲಗಿದವರಿಗೆ ಯಾವ ತರಬೇತಿಯನ್ನೂ ಕೊಡಲು ಆಗುವುದಿಲ್ಲ. ಮುಂದೆ ನಿಜವಾಗಿ ಒಳ್ಳೆಯ ಇಂಪ್ಲಾಂಟ್ ಬಂದರೂ ಅದಕ್ಕೆ ತಯಾರಿರುವ ದೇಹ ಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋ ರಿಹ್ಯಾಬಿಲಿಟೇಶನ್ ವಿಭಾಗ ಇದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ಈ ಕೆಲಸ ನಡೆಯುತ್ತಿದೆ. ನೀವು ದಕ್ಷಿಣ ಕನ್ನಡದವರಾದರೆ ಕೊಕ್ಕಡದ ಹತ್ತಿರ ಸೌತಡ್ಕದಲ್ಲಿರುವ ಸೇವಾಧಾಮದಲ್ಲೂ ವಿಚಾರಿಸಿ, ಬೆನ್ನುಹುರಿ ಪೆಟ್ಟಾದವರಿಗೆಂದೇ ಇರುವ ಪುನಶ್ಚೇತನ ಕೇಂದ್ರ ಅದು. ಎಲ್ಲಿ ಹೋದರೂ ಏಷ್ಯಾ (ASIA) ಗ್ರೇಡ್, ಅಂದರೆ ಪೆಟ್ಟಿನ ಕೆಳಗೆ ಎಷ್ಟು ಸ್ಪರ್ಶ, ಎಷ್ಟು ಚಲನೆ ಉಳಿದಿದೆ ಎಂದು ಹೇಳುವ ಗ್ರೇಡ್, ಎಯೋ ಬಿಯೋ ಸಿಯೋ ಎಂದು ಬರೆಸಿಕೊಳ್ಳಿ. ಗುದದ್ವಾರದ ಬಳಿ ಸ್ಪರ್ಶ ಪರೀಕ್ಷೆ ಮಾಡದೆ ಆ ಗ್ರೇಡ್ ಕೊಡಲು ಬರುವುದಿಲ್ಲ, ಸಂಕೋಚ ಬೇಡ ಎಂದು ತಮ್ಮನಿಗೆ ಹೇಳಿ. ಗ್ರೇಡ್ ಏನು, ಕಾಲು ಬಿಗಿಯೋ ಮೆತ್ತಗೋ, ಈ ಎರಡನ್ನು ಇಲ್ಲೇ ಕೆಳಗೆ ಬರೆಯಿರಿ. ಯಾವ ವ್ಯಾಯಾಮದಿಂದ ಶುರು ಮಾಡಬಹುದು ಎಂದು ನೋಡಿ ಹೇಳುತ್ತೇನೆ.