ತಾಮ್ರದ ಗಣಿ ಯೋಜನೆಯ ಮೌಲ್ಯ 16,000 ಕೋಟಿ ಅನ್ನುತ್ತಾರೆ, ಷೇರು ಕೊಳ್ಳಬಹುದೇ?

ಮಡಕಶಿರಾದ ಹೊಲ ಮಾರಿ ಬಂದ ದುಡ್ಡನ್ನು ಹೊರದೇಶದಲ್ಲಿ ತಾಮ್ರ ಹುಡುಕುತ್ತಿರುವ ಕಂಪನಿಯೊಂದರ ಷೇರಿಗೆ ಹಾಕಲೇ ಎಂದು ಕೇಳಿದ್ದೀರಿ. ಅವರ ಕರಪತ್ರದಲ್ಲಿ 2 ಕೋಟಿ ಟನ್ ಅದಿರು, ಶೇ 1 ತಾಮ್ರ, ಮೌಲ್ಯ 16,000 ಕೋಟಿ ರೂಪಾಯಿ ಎಂದಿದೆಯಂತೆ. ನಾನು ರಾಯದುರ್ಗದವನು. ಭೂವಿಜ್ಞಾನ ಓದಿ, ಡ್ರಿಲ್ಲಿಂಗ್ ಸೈಟುಗಳಲ್ಲಿ ಕೋರ್ (ಕೊರೆದಾಗ ಹೊರಬರುವ ಕಲ್ಲಿನ ದಿಂಡು) ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಬರೀ ಆ ಕರಪತ್ರ ನಂಬಿ ಹೊಲದ ದುಡ್ಡು ಹಾಕಬೇಡಿ.

ಆ 16,000 ಕೋಟಿ ಹೇಗೆ ಬಂತೆಂದರೆ, 2 ಲಕ್ಷ ಟನ್ ತಾಮ್ರವನ್ನು ಟನ್ನಿಗೆ 8 ಲಕ್ಷ ರೂಪಾಯಿಯಂತೆ ಗುಣಿಸಿದ್ದಾರೆ, ಅಷ್ಟೇ. ಒಂದೇ ಒಂದು ಟನ್ ಅದಿರು ತೆಗೆದುಕೊಳ್ಳಿ. ಅದರಲ್ಲಿರುವುದು 10 ಕೆಜಿ ತಾಮ್ರ, 8,000 ರೂಪಾಯಿಯದ್ದು. ಅಗೆಯುವಾಗ ಪಕ್ಕದ ಬರಡು ಕಲ್ಲು ಶೇ 15ರಷ್ಟು ಬೆರೆತರೆ ಟನ್ನಿಗೆ 8.7 ಕೆಜಿ. ಅದಿರು ಅರೆದು ತಾಮ್ರ ಬೇರ್ಪಡಿಸುವ ಮಿಲ್ಲಿನಲ್ಲಿ ಅದರ ಶೇ 88ರಷ್ಟು ಕೈಗೆ ಸಿಕ್ಕರೆ 7.65 ಕೆಜಿ. ಗಣಿಯವರು ಸಾಮಾನ್ಯವಾಗಿ ಮಾರುವುದು ಶೇ 20ರಿಂದ 30ರಷ್ಟು ತಾಮ್ರವಿರುವ ಕಾನ್ಸಂಟ್ರೇಟ್ ಪುಡಿಯನ್ನು. ಆ ಪುಡಿ ಕರಗಿಸಿ ಲೋಹ ತೆಗೆಯುವ ಸ್ಮೆಲ್ಟರ್ ಅದರೊಳಗಿನ ತಾಮ್ರದಲ್ಲಿ ಸುಮಾರು ಶೇ 96ಕ್ಕೆ ಮಾತ್ರ ದುಡ್ಡು ಕೊಡುತ್ತದೆ. ಅಲ್ಲಿಗೆ 7.35 ಕೆಜಿ, 5,880 ರೂಪಾಯಿ. ಅಗೆಯುವ, ಅರೆಯುವ, ಸಾಗಿಸುವ ಖರ್ಚು, ಸ್ಮೆಲ್ಟರ್ ಶುಲ್ಕ, ರಾಯಲ್ಟಿ, ಬಡ್ಡಿ ಎಲ್ಲವೂ ಇದರಲ್ಲೇ ಹೋಗಬೇಕು. ಮೊದಲ ಅದಿರು ಹೊರಬರುವ ಮುಂಚೆಯೇ ಗಣಿ ತೋಡಿ ಮಿಲ್ ಕಟ್ಟುವ ದೊಡ್ಡ ಬಂಡವಾಳ ಬೇರೆ. ಹತ್ತು ವರ್ಷದ ಮೇಲೆ ಬರುವ 100 ರೂಪಾಯಿ, ವರ್ಷಕ್ಕೆ ಶೇ 10ರ ಬಡ್ಡಿ ದರ ಹಿಡಿದರೆ, ಇವತ್ತಿಗೆ 38 ರೂಪಾಯಿ ಚಿಲ್ಲರೆ. ತಾಮ್ರದ ದರವಾದರೂ ನಿಲ್ಲುವಂಥದ್ದಲ್ಲ: ಲಂಡನ್ ಪೇಟೆಯಲ್ಲಿ 2020ರ ಮಾರ್ಚ್‌ನಲ್ಲಿ ಟನ್ನಿಗೆ 5,000 ಡಾಲರ್‌ಗಿಂತ ಕೆಳಗಿಳಿದಿತ್ತು, 2024ರ ಮೇನಲ್ಲಿ 11,000 ದಾಟಿತು. ದರ ಶೇ 20 ಇಳಿದರೂ ಯೋಜನೆ ಲಾಭದಲ್ಲಿ ಉಳಿಯುತ್ತದೆಯೇ ಎಂಬ ಲೆಕ್ಕ ತೋರಿಸದ ವರದಿಯನ್ನು ನಾನು ಪಕ್ಕಕ್ಕಿಡುತ್ತೇನೆ.

ಇನ್ನು ಆ 2 ಕೋಟಿ ಟನ್ ಇದೆ ಎಂದವರು ಯಾರು, ಎಷ್ಟು ಕೊರೆದು ಹೇಳಿದರು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ನಮ್ಮ ಅನಂತಪುರದ ಕಡೆ ಬೋರ್‌ವೆಲ್ ಕೊರೆಸಿದವರಿಗೆ ವಿವರಿಸಬೇಕಿಲ್ಲ, ಒಂದರಲ್ಲಿ ನೀರು ಬಂತೆಂದು ಪಕ್ಕದ್ದರಲ್ಲಿ ಬರುವ ಭರವಸೆ ಇಲ್ಲ. ಅದಿರೂ ಹಾಗೆಯೇ. ದೂರದೂರ ಕೊರೆದ ರಂಧ್ರಗಳ ನಡುವೆ ಅದಿರು ಮುಂದುವರಿದಿರಬಹುದು ಎಂಬ ಊಹೆಯ ಲೆಕ್ಕ 'ಇನ್ಫರ್ಡ್'. ಹತ್ತಿರ ಹತ್ತಿರ ಕೊರೆದಂತೆ 'ಇಂಡಿಕೇಟೆಡ್', 'ಮೆಷರ್ಡ್' ಆಗುತ್ತದೆ. ಖರ್ಚುವೆಚ್ಚ ಕಳೆದೂ ಲಾಭದಲ್ಲಿ ತೆಗೆಯಬಹುದು ಎಂದು ಅಧ್ಯಯನ ತೋರಿಸಿದ ಮೇಲಷ್ಟೇ ಅದು 'ರಿಸರ್ವ್'. ನಿಮ್ಮ ಕರಪತ್ರದಲ್ಲಿ ಈ ನಾಲ್ಕರಲ್ಲಿ ಯಾವ ಹೆಸರೂ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಆಸ್ಟ್ರೇಲಿಯಾದಲ್ಲಿ ಜೋರ್ಕ್, ಕೆನಡಾದಲ್ಲಿ ಎನ್‌ಐ 43-101 ಎಂಬ ನಿಯಮಗಳಿವೆ. ಅವುಗಳ ಪ್ರಕಾರ ವರದಿಗೆ ಅರ್ಹ ತಜ್ಞರೊಬ್ಬರು ಹೆಸರು ಹಾಕಿ ಹೊಣೆ ಹೊರಬೇಕು. ಕೆನಡಾದ ನಿಯಮ ಬಿಗಿಯಾದದ್ದು ಅಲ್ಲಿನ ಬ್ರೆ-ಎಕ್ಸ್ ಎಂಬ ಗಣಿ ಕಂಪನಿಯ ಹಗರಣದ ನಂತರ. ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಆ ಕಂಪನಿಯ ಸ್ಯಾಂಪಲ್‌ಗಳಿಗೇ ಚಿನ್ನ ಬೆರೆಸಿದ್ದು 1997ರಲ್ಲಿ ಬಯಲಾಗಿತ್ತು.

ಡ್ರಿಲ್ ಟೇಬಲ್ (ಪ್ರತಿ ರಂಧ್ರದಲ್ಲಿ ಸಿಕ್ಕಿದ್ದರ ಪಟ್ಟಿ) ಸಿಕ್ಕರೆ ಒಂದೊಂದೇ ಸಾಲು ಓದಿ. '30 ಮೀಟರ್, ಶೇ 1.8 ತಾಮ್ರ' ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದರೊಳಗೆ ಶೇ 12 ಇರುವ 3 ಮೀಟರ್ ಅಡಗಿದ್ದರೆ, ಮಿಕ್ಕ 27 ಮೀಟರಿನ ಸರಾಸರಿ ಶೇ 0.67 ಮಾತ್ರ. ಅದಿರಿನ ಪದರ ವಾಲಿರುವ ದಿಕ್ಕಿನಲ್ಲೇ ಕೊರೆದರೆ 5 ಮೀಟರಿನ ಪದರವೂ ಕೋರಿನಲ್ಲಿ 20 ಮೀಟರ್ ಕಾಣುತ್ತದೆ. ಅದಕ್ಕೇ 'ಟ್ರೂ ವಿಡ್ತ್' (ಪದರದ ನಿಜವಾದ ದಪ್ಪ) ಎಂಬ ಕಾಲಮ್ ಇದೆಯೇ ನೋಡಿ. ಮೇಲ್ಮೈಯಲ್ಲಿ ಮಲಾಕೈಟ್ ಎಂಬ ಹಸಿರು ತಾಮ್ರದ ಖನಿಜ ಹೊಳೆಯುವ ಫೋಟೋಗೆ ಮರುಳಾಗಬೇಡಿ. ಸಲ್ಫೈಡ್ (ಗಂಧಕ ಬೆರೆತ) ಅದಿರಿಗೆಂದು ಕಟ್ಟಿದ ಮಿಲ್ಲಿನಲ್ಲಿ ಅಂಥ ಆಕ್ಸೈಡ್ ಅದಿರು ಸರಿಯಾಗಿ ನೊರೆಯಲ್ಲಿ ತೇಲಿ ಬೇರ್ಪಡುವುದಿಲ್ಲ.

ಅಲ್ಲಿ ಇನ್ನಷ್ಟು ಅದಿರು ಸಿಗುವ ಸಾಧ್ಯತೆಯ ಬಗ್ಗೆಯೂ ಕೇಳಿದ್ದೀರಿ. ಇದಕ್ಕೆ ನಮಗೆ ಹತ್ತಿರದ ಉದಾಹರಣೆ ಚಿತ್ರದುರ್ಗದ ಇಂಗಳದಾಳ್. ಹಟ್ಟಿ ಚಿನ್ನದ ಗಣಿ ಕಂಪನಿ ನಡೆಸುತ್ತಿದ್ದ ಆ ತಾಮ್ರದ ಗಣಿ ಈಗ ಮುಚ್ಚಿದೆ. ಹಳೆಯ ಜ್ವಾಲಾಮುಖಿ ಶಿಲೆಗಳಲ್ಲಿರುವ ಇಂಥ ಅದಿರು ಒಂದೇ ಹಾಸಾಗಿ ಹರಡುವುದು ಕಡಿಮೆ. ಮಸೂರದ (ಲೆನ್ಸ್) ಆಕಾರದ ತುಂಡುಗಳಾಗಿ ವಾಲಿಕೊಂಡು ಆಳಕ್ಕಿಳಿಯುತ್ತದೆ. ಕೊನೆಯ ಆಳದ ರಂಧ್ರದಲ್ಲೂ ತಾಮ್ರ ಸಿಕ್ಕಿದ್ದರೆ, ವಾಲಿದ ದಿಕ್ಕಿನಲ್ಲಿ ಇನ್ನೂ ಕೊರೆಯದ ಜಾಗ ಇದ್ದರೆ, ಅದನ್ನು ನಾನು ನಿಜವಾದ ಸಾಧ್ಯತೆ ಅನ್ನುತ್ತೇನೆ. ಅದು ಬಿಟ್ಟು ಐಪಿ ಸರ್ವೆಯ (ನೆಲಕ್ಕೆ ವಿದ್ಯುತ್ ಹರಿಸಿ ಒಳಗಿನ ಖನಿಜ ಊಹಿಸುವ ಪರೀಕ್ಷೆ) ನಕ್ಷೆಯ ಕೆಂಪು ಮಚ್ಚೆಯೊಂದನ್ನೇ ತೋರಿಸಿದರೆ ಸಾಲದು. ತಾಮ್ರವೇ ಇಲ್ಲದ ಪೈರೈಟ್, ಗ್ರಾಫೈಟ್ ಕೂಡ ಹಾಗೇ ಕೆಂಪಗೆ ಕಾಣುತ್ತವೆ.

ಅನ್ವೇಷಣೆ ಕಂಪನಿಗೆ ಆದಾಯ ಇರುವುದಿಲ್ಲ. ಮತ್ತೆ ಕೊರೆಯಬೇಕೆಂದರೆ ಹೊಸ ಷೇರು ಮಾರಬೇಕು, ಆಗೆಲ್ಲ ನಿಮ್ಮ ಪಾಲು ಕರಗುತ್ತದೆ. ಕೈಯಲ್ಲಿ ಎಷ್ಟು ನಗದಿದೆ, ಎಷ್ಟು ತಿಂಗಳಿಗೆ ಸಾಕು ಎಂದು ಕರಪತ್ರ ಕೊಟ್ಟವರನ್ನು ಬರವಣಿಗೆಯಲ್ಲಿ ಕೇಳಿ. ಪೂರ್ತಿ ತಾಂತ್ರಿಕ ವರದಿಯನ್ನೂ ತರಿಸಿ, ಅದರ ಡ್ರಿಲ್ ಟೇಬಲ್ ಪುಟಗಳನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.